ಗದ್ದೆ ಬಸಿದು ತೋಟವಾದಲ್ಲಿ

ಶೃಂಗೇರಿ ಪೇಟೆ ದಾಟಿ ಕಿಗ್ಗದ ದಾರಿ ಹಿಡಿದರೆ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಬೈಲು. ಮೇಲಿನ ಕಾಡಿನ ನೀರೆಲ್ಲ ಇಳಿದು ಬಂದು, ಅಲ್ಲಲ್ಲಿ ಒರತೆಯಾಗಿ ಎದ್ದು, ವರ್ಷದ ಬಹುಪಾಲು ತೇವ ಬಿಡದ ತಗ್ಗು ಅದು. ಇಂಥ ಬೈಲುಗಳಲ್ಲಿ ತಲೆತಲಾಂತರದಿಂದ ಭತ್ತ ಬೆಳೆದರು. ಈಗ ಕಣ್ಣಿಗೆ ಬೀಳುವುದು ಅಡಿಕೆ ಸಸಿಗಳ ಸಾಲು, ಬಿಸಿಲು ತಾಗದಂತೆ ಕಟ್ಟಿದ ಸೋಗೆಯ ಮರೆ, ಸಾಲುಗಳ ನಡುವೆ ಹಿಟಾಚಿ ತೋಡಿದ ಉದ್ದುದ್ದ ಕಾಲುವೆಗಳು. ನಟ್ಟಿಗೆ ಆಳು ಸಿಗುವುದಿಲ್ಲ, ಮಂಗ ಹಂದಿಗಳ ಕಾಟ ತಪ್ಪಿದ್ದಲ್ಲ, ಭತ್ತದ ದರ ಖರ್ಚಿಗೆ ಸಾಲದು. ಗದ್ದೆ ತೋಟವಾಗುವುದಕ್ಕೆ ಇಷ್ಟು ಕಾರಣ ಸಾಕು. ಅದನ್ನು ತಪ್ಪೆನ್ನಲು ನಾನು ಬಂದಿಲ್ಲ. ನೋಡಲು ಬಂದದ್ದು ಆ ಕಾಲುವೆಗಳನ್ನು.

ರೋಹಿಣಿ ಮಳೆ ಎರಡು ಹದ ಬಿದ್ದಿತ್ತು. ತೋಟದ ಯಜಮಾನರು ಬಸಿಗಾಲುವೆಯ ಹೂಳು ತೆಗೆಸುತ್ತ ನಿಂತಿದ್ದರು. ಎರಡು ಸಾಲಿಗೊಂದರಂತೆ, ಮೂರಡಿ ಆಳಕ್ಕೆ ತೋಡಿದ ಕಾಲುವೆ. ಅದರ ಗೋಡೆ ನೋಡಿದರೆ ಈ ನೆಲದ ಚರಿತ್ರೆ ಪದರ ಪದರವಾಗಿ ತೆರೆದುಕೊಂಡಿದೆ. ಮೇಲಿನ ಒಂದೂಕಾಲು ಅಡಿ ದಟ್ಟ ಬಣ್ಣದ, ಬೇರಿನ ಎಳೆಗಳು ತುಂಬಿದ ಗದ್ದೆ ಮಣ್ಣು. ಅದರ ಕೆಳಗೆ ಬೂದಿ ನೀಲಿ ಬಣ್ಣದ ಜಿಗುಟು ಮಣ್ಣು, ಅದರೊಳಗೆ ತುಕ್ಕಿನ ಬಣ್ಣದ ಗೆರೆಗಳು. ನೂರಾರು ವರ್ಷ ನೀರು ನಿಂತು ಗಾಳಿ ಕಾಣದ ಮಣ್ಣಿನಲ್ಲಿ ಕಬ್ಬಿಣ ಬಣ್ಣ ಕಳೆದುಕೊಂಡು ಬೂದಿಯಾಗುತ್ತದೆ. ಬೇರು ಇಳಿದಲ್ಲಿ, ಬಿರುಕು ಬಿಟ್ಟಲ್ಲಿ ಒಂದಿಷ್ಟು ಗಾಳಿ ತಾಗಿ ತುಕ್ಕು ಹಿಡಿಯುತ್ತದೆ. ಹೊಸದಾಗಿ ಕತ್ತರಿಸಿದ ಆ ಗೋಡೆಯಿಂದ ನೀರು ಒಸರುತ್ತಲೇ ಇತ್ತು.

"ನೀರು ನಿಂತ್ರೆ ಅಡಿಕೆ ಬೇರು ಕೊಳೀತದೆ ಮಾರಾಯ್ರೆ. ಕಪ್ಪು ಆಳ ಇದ್ದಷ್ಟೂ ಒಳ್ಳೇದು" ಎಂದರು ಅವರು. ಬಸಿಗಾಲುವೆಗೆ ಇಲ್ಲಿ ಕಪ್ಪು ಎನ್ನುತ್ತಾರೆ. ಬೇರಿನ ಮಟ್ಟಿಗೆ ಆ ಮಾತು ನಿಜ. ಅಡಿಕೆಗೆ ತೇವ ಬೇಕು, ನಿಂತ ನೀರು ಬೇಡ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ದಶಕಗಳಿಂದ ಹಿಂಡುತ್ತಿರುವ ಹಳದಿ ಎಲೆ ರೋಗಕ್ಕೆ ನೇರ ಮದ್ದಿಲ್ಲ. ತೋಟವನ್ನು ಚೆನ್ನಾಗಿ ಬಸಿಯುವಂತೆ ಇಟ್ಟುಕೊಳ್ಳಿ, ಗೊಬ್ಬರ ಸರಿಯಾಗಿ ಕೊಡಿ ಎಂಬ ಸಲಹೆಯೇ ರೈತನ ಕೈಯಲ್ಲಿರುವ ಆಸರೆ. ಹಾಗಾಗಿ ರೋಗ ಹೆಚ್ಚಿದ ಕಡೆ ಕಾಲುವೆಯೂ ಆಳವಾಗುತ್ತ ಹೋಗಿದೆ.

ಈ ಕಾಲುವೆ ನೀರನ್ನಷ್ಟೇ ಹೊರಗೆ ಕಳಿಸುವುದಿಲ್ಲ. ನೀರು ಖಾಲಿಯಾದ ರಂಧ್ರಗಳಿಗೆ ಗಾಳಿ ನುಗ್ಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಸೂಕ್ಷ್ಮಜೀವಿಗಳು ಹಳೆಯ ಸಾವಯವ ಅಂಶವನ್ನು ತಿನ್ನಲು ತೊಡಗುತ್ತವೆ. ಅದರಲ್ಲಿ ಹುದುಗಿದ್ದ ಸಾರಜನಕ ಬಿಡುಗಡೆಯಾಗುತ್ತದೆ, ಮೇಲಿಂದ ನಾವು ಹಾಕಿದ ಯೂರಿಯಾ ಬಂದು ಸೇರುತ್ತದೆ. ಗಾಳಿಯಿದ್ದಾಗ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ, ಗಾಳಿ ಕಡಿಮೆಯಾದಾಗ ಇನ್ನೊಂದು ಬಗೆಯವು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ವಾತಾವರಣಕ್ಕೆ ಮರಳಿಸುತ್ತವೆ. ಈ ಎರಡೂ ಕೆಲಸದ ನಡುವೆ ಸೋರಿಹೋಗುವುದು ನೈಟ್ರಸ್ ಆಕ್ಸೈಡ್. 1989ರಲ್ಲಿ ಮೇರಿ ಫೈರ್‌ಸ್ಟೋನ್ ಮತ್ತು ಎರಿಕ್ ಡೇವಿಡ್‌ಸನ್ ಎಂಬ ವಿಜ್ಞಾನಿಗಳು ಇದನ್ನು ತೂತು ಬಿದ್ದ ಕೊಳವೆ ಎಂದು ಬಣ್ಣಿಸಿದರು. ಕೊಳವೆಯಲ್ಲಿ ಎಷ್ಟು ಸಾರಜನಕ ಹರಿಯುತ್ತದೆ ಎನ್ನುವುದು ಒಂದು ಮಾತು, ತೂತು ಎಷ್ಟು ದೊಡ್ಡದು ಎನ್ನುವುದು ಇನ್ನೊಂದು. ತೂತಿನ ಗಾತ್ರವನ್ನು ನಿರ್ಧರಿಸುವುದು ಮಣ್ಣಿನ ತೇವ. ರಂಧ್ರಗಳಲ್ಲಿ ನೂರಕ್ಕೆ 60ರಿಂದ 80 ಪಾಲು ನೀರು ತುಂಬಿದ್ದಾಗ ಸೋರಿಕೆ ಅತಿ ಹೆಚ್ಚು. ಪೂರ್ತಿ ಮುಳುಗಿದ ಗದ್ದೆಯಲ್ಲಿ ಕೆಲಸ ಕೊನೆಯವರೆಗೂ ನಡೆದು ನಿರಪಾಯದ ಸಾರಜನಕವೇ ಹೆಚ್ಚಾಗಿ ಹೊರಡುತ್ತದೆ. ಪೂರ್ತಿ ಒಣಗಿದ ನೆಲದಲ್ಲಿ ಜೀವಿಗಳೇ ಮಲಗಿರುತ್ತವೆ. ಮಧ್ಯದ ಸ್ಥಿತಿಯೇ ಅಪಾಯದ್ದು. ಮೂರಡಿ ಬಸಿಗಾಲುವೆ ತೋಡಿದ, ಮಳೆ ಬಿದ್ದಾಗ ತೊಯ್ದು ಎರಡು ದಿನ ಬಿಟ್ಟರೆ ಬಸಿಯುವ ಮಲೆನಾಡಿನ ತೋಟ ಮಳೆಗಾಲದ ಉದ್ದಕ್ಕೂ ಓಡಾಡುವುದು ಆ ಮಧ್ಯದಲ್ಲೇ.

ಹೀಗೆ ಸೋರುವ ನೈಟ್ರಸ್ ಆಕ್ಸೈಡನ್ನು ದಂತವೈದ್ಯರು ಅರಿವಳಿಕೆಗೆ ಬಳಸುತ್ತಾರೆ. ಆದರೆ ಮೇಲೇರಿದ ಮೇಲೆ ಇದು ನೂರು ವರ್ಷ ದಾಟಿ ವಾತಾವರಣದಲ್ಲಿ ಉಳಿಯುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ನೈಟ್ರಸ್ ಆಕ್ಸೈಡ್ 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಇದರವು ಸುಮಾರು 270 ಇದ್ದವು, ಈಗ 336 ದಾಟಿವೆ. ಇನ್ನೊಂದು ಕೇಡೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ರಸಾಯನ ವಿಜ್ಞಾನಿ ಎ. ಆರ್. ರವಿಶಂಕರ 2009ರಲ್ಲಿ ಇಬ್ಬರು ಸಹೋದ್ಯೋಗಿಗಳ ಜತೆ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿಕೊಟ್ಟಂತೆ, ಮನುಷ್ಯ ಇಂದು ಹೊರಬಿಡುತ್ತಿರುವ ಅನಿಲಗಳಲ್ಲಿ ಓಝೋನ್ ಪದರವನ್ನು ಅತಿ ಹೆಚ್ಚು ಸವೆಸುವುದು ಇದೇ. ಫ್ರಿಜ್ಜಿನ ಅನಿಲಕ್ಕೆ ಜಗತ್ತು ಒಪ್ಪಂದ ಮಾಡಿಕೊಂಡಿತು. ಹೊಲದ ಈ ಅನಿಲಕ್ಕೆ ಅಂಥ ಒಪ್ಪಂದ ಇಲ್ಲ.

ಶೃಂಗೇರಿಯಲ್ಲೇ ಅಡಿಕೆ ಸಂಶೋಧನಾ ಕೇಂದ್ರವಿದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜತೆಗೆ ಹನ್ನೆರಡು ಹನ್ನೆರಡು ಕಿಲೋ ಹಸಿರೆಲೆ ಮತ್ತು ಕಾಂಪೋಸ್ಟ್ ಎಂಬ ಶಿಫಾರಸು ಈ ಭಾಗದ ಬೆಳೆಗಾರರಿಗೆ ಬಾಯಿಪಾಠ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ, ಅಂದರೆ 137 ಕಿಲೋ ಸಾರಜನಕ. ಮಳೆ ಹೆಚ್ಚಿರುವ ಪ್ರದೇಶದಲ್ಲಿ ರಾಸಾಯನಿಕ ಗೊಬ್ಬರದ ಸಾರಜನಕದಲ್ಲಿ ನೂರಕ್ಕೆ 1.6 ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆಂದು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞ ಸಮಿತಿ ಐಪಿಸಿಸಿಯ 2019ರ ಮಾರ್ಗಸೂಚಿ ಹೇಳುತ್ತದೆ. ಆ ಪ್ರಕಾರ 2.2 ಕಿಲೋ ಸಾರಜನಕ, ಅನಿಲದ ತೂಕದಲ್ಲಿ ಸುಮಾರು ಮೂರೂವರೆ ಕಿಲೋ. ಇಂಗಾಲದ ಡೈಆಕ್ಸೈಡಿಗೆ ಸಮೀಕರಿಸಿದರೆ ಮುಕ್ಕಾಲು ಟನ್ನಿನ ಮೇಲೆ, ಒಂದು ಟನ್ನಿಗೆ ತುಸು ಕಡಿಮೆ. ಕೊಟ್ಟಿಗೆ ಗೊಬ್ಬರ, ಸೊಪ್ಪು ಇದರಲ್ಲಿ ಸೇರಿಲ್ಲ. ಮುಖ್ಯವಾಗಿ, ಕಾಲುವೆ ಎಷ್ಟು ಆಳ ಎಂಬ ಪ್ರಶ್ನೆಯೇ ಈ ಸೂತ್ರದಲ್ಲಿ ಎಲ್ಲೂ ಬರುವುದಿಲ್ಲ.

ತುಂಗೆಯ ಪಕ್ಕದಲ್ಲೇ ಹರಿಹರಪುರದ ಮೇಲೆ ಕೊಪ್ಪದ ಕಡೆ ಸಾಗುವಾಗ ಬಸಿಗಾಲುವೆಗಳು ಹಳ್ಳ ಸೇರುವ, ಹಳ್ಳ ಹೊಳೆ ಸೇರುವ ಜಾಗಗಳು ಒಂದಾದ ಮೇಲೊಂದು ಕಾಣುತ್ತವೆ. ಮಳೆಗೆ ತೊಳೆದುಹೋದ ನೈಟ್ರೇಟ್ ಇಲ್ಲಿಗೇ ಬರುವುದು. ತೋಟದಲ್ಲಿ ಅನಿಲವಾಗದ್ದು ಹಳ್ಳದ ಕೆಸರಿನಲ್ಲಿ, ಹೊಳೆಯ ಮಡುವಿನಲ್ಲಿ ಆಗುತ್ತದೆ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಇದಕ್ಕೂ ಒಂದು ಕಲಂ ಇದೆ. ತೇವದ ನಾಡಿನಲ್ಲಿ ಹಾಕಿದ ಸಾರಜನಕದ ಸುಮಾರು ಕಾಲು ಪಾಲು ಬಸಿದು ಹೋಗುತ್ತದೆ, ಅದರಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ನೈಟ್ರಸ್ ಆಕ್ಸೈಡ್ ಆಗುತ್ತದೆ ಎಂಬ ಊಹೆ ಅದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಶೃಂಗೇರಿ ಸೀಮೆಯಲ್ಲಿ, ಆಳದ ಬಸಿಗಾಲುವೆಯ ಪಕ್ಕದಲ್ಲಿ ಗೊಬ್ಬರ ಎರಚಿದ ಮರುದಿನವೇ ಮಳೆ ಹಿಡಿದುಕೊಂಡರೆ, ಕಾಲು ಪಾಲು ಎನ್ನುವುದು ನನಗೆ ತೀರ ಸೌಮ್ಯ ಊಹೆಯಾಗಿ ಕಾಣುತ್ತದೆ.

ಬೇರೆ ದೇಶಗಳಲ್ಲಿ ಬಸಿದ ನೆಲದ ಚರ್ಚೆ ಎಂದರೆ ಪೀಟ್ ನೆಲದ ಚರ್ಚೆ. ಸಾವಿರಾರು ವರ್ಷ ಜೌಗಿನಲ್ಲಿ ಕೊಳೆಯದೆ ಉಳಿದ ಸಸ್ಯಾಂಶವೇ ಮಣ್ಣಾದ ನೆಲ ಅದು. ಫಿನ್ಲೆಂಡಿನ ಕೃಷಿಭೂಮಿಯಲ್ಲಿ ಇಂಥದ್ದು ಹತ್ತರಲ್ಲಿ ಒಂದು ಪಾಲು ಮಾತ್ರ, ಆದರೆ ಅಲ್ಲಿನ ಕೃಷಿಯ ಹಸಿರುಮನೆ ಅನಿಲದ ಅರ್ಧಕ್ಕೂ ಹೆಚ್ಚು ಬರುವುದು ಅದರಿಂದ. ಜರ್ಮನಿಯಲ್ಲಿ ಕೃಷಿಭೂಮಿಯ ನೂರಕ್ಕೆ ಏಳು ಪಾಲಿನಷ್ಟು ನೆಲ ಇಡೀ ದೇಶದ ಅನಿಲದ ನೂರಕ್ಕೆ ಏಳು ಪಾಲನ್ನು ಹೊರಹಾಕುತ್ತದೆ. ನೆದರ್ಲೆಂಡ್ಸಿನಲ್ಲಿ ಮಧ್ಯಯುಗದಿಂದ ಬಸಿದ ಪೀಟ್ ಹುಲ್ಲುಗಾವಲುಗಳು ಕುಸಿಯುತ್ತ ಕುಸಿಯುತ್ತ ಸಮುದ್ರಮಟ್ಟಕ್ಕಿಂತ ಕೆಳಗೆ ಹೋಗಿವೆ. ಡೆನ್ಮಾರ್ಕ್ 2024ರಲ್ಲಿ 1,40,000 ಹೆಕ್ಟೇರ್ ಇಂಥ ನೆಲವನ್ನು ಕೃಷಿಯಿಂದ ಹಿಂದೆ ಪಡೆದು ಮತ್ತೆ ನೀರುಣಿಸುವ ಒಪ್ಪಂದಕ್ಕೆ ಬಂತು. ಇಂಡೊನೇಷ್ಯಾದ ಕಥೆ ನಮ್ಮದರ ತಿರುಗುಮುರುಗು. ಅಲ್ಲಿ 1990ರ ದಶಕದ ನಡುವಿನಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತ ಬೆಳೆಯಲೆಂದು ಕಾಲಿಮಂತಾನದ ಹತ್ತು ಲಕ್ಷ ಹೆಕ್ಟೇರ್ ಪೀಟ್ ಕಾಡಿಗೆ ಕಾಲುವೆ ತೋಡಿಸಿದರು. ಭತ್ತ ಬರಲಿಲ್ಲ, 1997ರಲ್ಲಿ ಒಣಗಿದ ನೆಲ ತಿಂಗಳುಗಟ್ಟಲೆ ಹೊತ್ತಿ ಉರಿಯಿತು. ನಮ್ಮಲ್ಲಿ ಭತ್ತ ಬಿಡಲೆಂದು ಕಾಲುವೆ ತೋಡುತ್ತೇವೆ.

ದೇಶದೇಶಗಳ ಈ ಲೆಕ್ಕ ಎಲ್ಲಿಂದ ಬರುತ್ತದೆಂದು ಕೆದಕಿದರೆ ನಾವು ಗಮನಿಸಲೇಬೇಕಾದ ಒಂದು ಸಂಗತಿ ಸಿಗುತ್ತದೆ. 2006ರ ಐಪಿಸಿಸಿ ಮಾರ್ಗಸೂಚಿಯಲ್ಲಿ ಬಸಿದ ಸಾವಯವ ಮಣ್ಣಿಗೆ ಸಮಶೀತೋಷ್ಣ ದೇಶಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ 8 ಕಿಲೋ, ಉಷ್ಣವಲಯದಲ್ಲಿ 16 ಕಿಲೋ ಎಂದಿತ್ತು. ನೈಟ್ರಸ್ ಆಕ್ಸೈಡಿನಲ್ಲಿರುವ ಸಾರಜನಕದ ತೂಕ ಇದು. 16 ಬಂದದ್ದು ಹೇಗೆ? ಬಿಸಿಲ ನಾಡಿನಲ್ಲಿ ಕೊಳೆಯುವ ವೇಗ ಎರಡು ಪಟ್ಟು ಇರಬೇಕು ಎಂದುಕೊಂಡು 8ನ್ನು ಎರಡರಿಂದ ಗುಣಿಸಿದ್ದರು. ಆಮೇಲೆ ಅಳತೆಗಳು ಸೇರುತ್ತ ಬಂದವು. 2013ರ ಜೌಗುನೆಲದ ಪೂರಕ ಮಾರ್ಗಸೂಚಿಯಲ್ಲಿ ಸಮಶೀತೋಷ್ಣ ಬೆಳೆನೆಲದ ಅಂಕಿ 13ಕ್ಕೆ ಏರಿತು, ಉಷ್ಣವಲಯದ್ದು 5ಕ್ಕೆ ಇಳಿಯಿತು. ಉಷ್ಣವಲಯದ ಪೀಟ್ ಮೇಲಿನ ಭತ್ತಕ್ಕಂತೂ 0.4. ಯಾರು ಹೆಚ್ಚು, ಯಾರು ಕಡಿಮೆ ಎಂಬ ಕ್ರಮವೇ ತಿರುಗಿಬಿತ್ತು. ಮಣ್ಣು ಬದಲಾಗಲಿಲ್ಲ, ನೆಲದ ಮೇಲೆ ಪೆಟ್ಟಿಗೆ ಇಟ್ಟು ಹೊರಡುವ ಅನಿಲವನ್ನು ಅಳೆದರು ಅಷ್ಟೆ.

ಇದು ಮೊದಲ ಸಲವಲ್ಲ. 1990ರ ಸುಮಾರಿಗೆ ಭಾರತದ ಗದ್ದೆಗಳಿಂದ ವರ್ಷಕ್ಕೆ 38 ದಶಲಕ್ಷ ಟನ್ನಿನಷ್ಟು ಮೀಥೇನ್ ಹೊರಡುತ್ತದೆಂದು ಅಮೆರಿಕದ ಪರಿಸರ ಸಂಸ್ಥೆಯ ಅಂದಾಜು ಹೇಳುತ್ತಿತ್ತು. ಹೊರಗಿನ ಗದ್ದೆಗಳ ಅಳತೆಯನ್ನು ತಂದು ನಮ್ಮ ಗದ್ದೆಗಳ ವಿಸ್ತೀರ್ಣಕ್ಕೆ ಗುಣಿಸಿದ ಅಂಕಿ ಅದು. ದೆಹಲಿಯ ಭೌತವಿಜ್ಞಾನಿ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ಹಲವು ಕಡೆ ಗದ್ದೆಗಿಳಿದು ಅಳೆದಾಗ ಸಿಕ್ಕಿದ್ದು ಸುಮಾರು 4 ದಶಲಕ್ಷ ಟನ್. ಅದೇ ವರ್ಷ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್, ಬಡವರ ಬದುಕಿನ ಅನಿಲವನ್ನೂ ಶ್ರೀಮಂತರ ಭೋಗದ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಬಲವಾಗಿ ವಿರೋಧಿಸಿದರು. ಆ ವಾದಕ್ಕೆ ಬೆನ್ನೆಲುಬಾದದ್ದು ಸಿಟ್ಟಲ್ಲ, ಅಳತೆ. ಇವತ್ತು ನಮ್ಮ ತೋಟಗಳ ವಿಷಯದಲ್ಲೂ ಹಾಗೇ ಆಗಬೇಕೆಂಬುದು ನನ್ನ ಆಗ್ರಹ. ನಮ್ಮ ಬೈಲಿನ ಮಣ್ಣು ಪೀಟ್ ಅಲ್ಲ. ಸಾವಯವ ಮಣ್ಣು ಎನ್ನಿಸಿಕೊಳ್ಳಲು ತೂಕದಲ್ಲಿ ಕನಿಷ್ಠ ನೂರಕ್ಕೆ ಹನ್ನೆರಡರಷ್ಟಾದರೂ ಇಂಗಾಲ ಬೇಕು, ಗದ್ದೆ ಮಣ್ಣು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗೆಂದು ಒಣ ಹೊಲದ ಸಾಮಾನ್ಯ ಮಣ್ಣೂ ಅಲ್ಲ. ತಲೆಮಾರುಗಟ್ಟಲೆ ಮುಳುಗಿದ್ದು ಈಗ ಒಮ್ಮೆಲೇ ಗಾಳಿ ಕಂಡ ನೆಲ ಅದು. ಫಿನ್ಲೆಂಡಿನ ಅಂಕಿಯೂ ಇದಕ್ಕೆ ಹೊಂದದು, ಇಂಡೊನೇಷ್ಯಾದ್ದೂ ಹೊಂದದು.

ಕೊಪ್ಪಕ್ಕೆ ಬಂದಾಗ, ಇಲ್ಲಿಯದನ್ನು ಇಲ್ಲೇ ಅಳೆಯಬೇಕೆಂಬ ಈ ಮಾತಿಗೆ ಇಲ್ಲಿಯದೇ ಒಂದು ಪೂರ್ವಚರಿತ್ರೆ ಇರುವುದು ನೆನಪಾಯಿತು. ಕಾಫಿ ಬೆಳೆ ರೋಗಕ್ಕೆ ಸಿಕ್ಕಿ ನೆಲಕಚ್ಚುತ್ತಿದ್ದಾಗ, 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ತೆರೆದರು. ಹತ್ತು ವರ್ಷದ ಮೇಲೆ, 1925ರಲ್ಲಿ, ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪಿಸಿತು. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅದಕ್ಕೂ ಮುಂಚೆ ಮೈಸೂರಿನ ಕೃಷಿ ಇಲಾಖೆಗೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ ಅಡಿಕೆಯ ಕೊಳೆರೋಗದ ಮೂಲ ಹುಡುಕಿ 1910ರಲ್ಲಿ ಪ್ರಕಟಿಸಿದ್ದರು. ಇಂದಿಗೂ ಮಳೆಗಾಲದಲ್ಲಿ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಆ ಕಾಲದ ಕೆಲಸದ ಫಲ. ಮಳೆ, ಮಣ್ಣು, ರೋಗ ಇಲ್ಲಿಯವಾದ್ದರಿಂದ ಇಲ್ಲಿಗೇ ಬಂದು ನೋಡಬೇಕು ಎಂದು ಅವರು ಅರಿತಿದ್ದರು.

ಕೊಪ್ಪದ ಆಚೆ ಒಂದು ಮನೆಯ ಮುಂದಿನ ಬೈಲಿನಲ್ಲಿ ನನಗೆ ಬೇಕಾದ ನೆಲ ಸಿಕ್ಕಿತು. ಮೇಲಿನ ಹತ್ತಾರು ಗದ್ದೆಗಳು ತೋಟವಾಗಿವೆ. ಕೆಳಗಿನ ನಾಲ್ಕು ಗದ್ದೆಯನ್ನು ಮನೆಯವರು ಮನೆಯ ಊಟಕ್ಕೆಂದು ಉಳಿಸಿಕೊಂಡಿದ್ದಾರೆ. ಒಂದೇ ಮಣ್ಣು, ಒಂದೇ ಮಳೆ, ನಡುವೆ ಒಂದೇ ಅಂಚು. ಅಂಚಿನ ಮೇಲೆ ನಿಂತು ಎರಡೂ ಬದಿಯ ಲೆಕ್ಕ ಹಾಕಿ ನೋಡಿದೆ. ಗದ್ದೆಗೆ ಹೆಕ್ಟೇರಿಗೆ 75 ಕಿಲೋ ಸಾರಜನಕ ಹಾಕಿದರೆ, ಸದಾ ನೀರು ನಿಂತ ಗದ್ದೆಗೆ ಐಪಿಸಿಸಿ ಹೇಳಿದ ನೂರಕ್ಕೆ 0.3ರ ಪ್ರಕಾರ, ನೈಟ್ರಸ್ ಆಕ್ಸೈಡಿನ ಹೊರೆ ತೋಟದ ಹತ್ತರಲ್ಲಿ ಒಂದು ಪಾಲಿನಷ್ಟು. ಆದರೆ ಗದ್ದೆಗೆ ಮೀಥೇನ್ ಇದೆ. ದಕ್ಷಿಣ ಏಷ್ಯಾದ ಸದಾ ನೀರು ನಿಂತ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋ ಎಂಬ ಐಪಿಸಿಸಿ ಅಂಕಿ ಹಿಡಿದರೆ ನಾಲ್ಕು ತಿಂಗಳ ಬೆಳೆಗೆ ನೂರು ಕಿಲೋ ಮೀಥೇನ್, ಸಮೀಕರಿಸಿದರೆ ಎರಡೂಮುಕ್ಕಾಲು ಟನ್. ಕಾಗದದ ಮೇಲೆ ತೋಟ ಗೆಲ್ಲುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಆದರೂ ಆ ಗೆಲುವನ್ನು ನಾನು ನೆಚ್ಚಲಾರೆ. ಮಲೆನಾಡಿನ ಗದ್ದೆ ಮಳೆನೀರಿನದ್ದು. ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ನೀರು ಹರಿಯುತ್ತಲೇ ಇರುತ್ತದೆ, ಮಳೆ ಬಿಟ್ಟಾಗ ಎತ್ತರದ ಮಕ್ಕಿ ಗದ್ದೆ ಒಣಗುತ್ತದೆ. ಅಲ್ಲಿಯ ಮೀಥೇನ್ ಸದಾ ನೀರು ನಿಂತ ಗದ್ದೆಯದ್ದಕ್ಕಿಂತ ಕಡಿಮೆ. ಮೀಥೇನ್ ಹನ್ನೆರಡು ವರ್ಷದಲ್ಲಿ ಕರಗಿಹೋಗುತ್ತದೆ, ಓಝೋನ್ ಪದರವನ್ನು ಸವೆಸುವುದಿಲ್ಲ. ಇನ್ನೊಂದು ಕಡೆ, ಬಸಿದ ಮಣ್ಣಿನಲ್ಲಿ ಕರಗುತ್ತಿರುವ ಹಳೆಯ ಇಂಗಾಲ, ಅದರ ಜತೆ ಬಿಡುಗಡೆಯಾಗುವ ಸಾರಜನಕ ನಾನು ಹಾಕಿದ ಲೆಕ್ಕದಲ್ಲಿ ಇಲ್ಲ. ಅಡಿಕೆ ಮರ ತನ್ನ ಕಾಂಡದಲ್ಲಿ ಕಟ್ಟಿಕೊಳ್ಳುವ ಇಂಗಾಲವೂ ಇಲ್ಲ. ಅದನ್ನೂ ತೋಟದ ಪರವಾಗಿ ಸೇರಿಸಬೇಕು. ಇಷ್ಟೆಲ್ಲ ಬಿಟ್ಟ ಕಲಮುಗಳಿರುವಾಗ ಗೆಲುವು ಯಾರದ್ದೆಂದು ಕಾಗದ ಹೇಳಲಾರದು.

ಬಾಳೆಹೊನ್ನೂರಿನ ಕಡೆ ಬೇಗ ಸಾಗಿದೆ. ಅಲ್ಲಿ ನೆಲದ ಕಥೆ ಬೇರೆ. ಇಳಿಜಾರಿನ ಕಾಫಿ ತೋಟಗಳಲ್ಲಿ ನೀರನ್ನು ಹೊರಗೆ ಕಳಿಸುವ ಕಾಲುವೆಗಿಂತ ಹಿಡಿದಿಡುವ ತೊಟ್ಟಿಲು ಗುಂಡಿಗಳೇ ಹೆಚ್ಚು.

ನರಸಿಂಹರಾಜಪುರ ತಲುಪುವ ಹೊತ್ತಿಗೆ ಮಳೆ ತೆಳುವಾಗಿರುತ್ತದೆ. ಶೃಂಗೇರಿಯಿಂದ ಪೂರ್ವಕ್ಕೆ ಬಂದಂತೆ ಪ್ರತಿ ಹತ್ತು ಹದಿನೈದು ಕಿಲೋಮೀಟರಿಗೆ ವ್ಯತ್ಯಾಸ ಕಾಣುತ್ತದೆ. ಭದ್ರಾ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದು, ತಿಂಗಳುಗಟ್ಟಲೆ ಮುಳುಗಿದ್ದ ನೆಲ ಬಿಸಿಲಿಗೆ ಬಿರುಕು ಬಿಟ್ಟು ಮಲಗಿತ್ತು. ಯಾರೂ ಕಾಲುವೆ ತೋಡದೆ ವರ್ಷವರ್ಷ ತಾನೇ ಮುಳುಗಿ ತಾನೇ ಬಸಿಯುವ ನೆಲ. ಇಲ್ಲಿಯ ಅಡಿಕೆ ತೋಟಗಳಲ್ಲಿ ಬಸಿಗಾಲುವೆ ಸಣ್ಣದು, ಹಲವು ಕಡೆ ಕೊಳವೆಬಾವಿ ಮತ್ತು ಹನಿ ನೀರಾವರಿ ಬಂದಿದೆ. ಶೃಂಗೇರಿಯ ಸಮಸ್ಯೆ ನೀರನ್ನು ಹೊರಗೆ ಹಾಕುವುದು, ಇಲ್ಲಿಯದು ಒಳಗೆ ತರುವುದು. ಮೂರು ತಾಲ್ಲೂಕುಗಳೊಳಗೇ ಇಷ್ಟು ಅಂತರವಿರುವಾಗ ಇಡೀ ದೇಶಕ್ಕೆ ಒಂದೇ ಅಂಕಿ ಹಿಡಿದು ಬೇರೆ ದೇಶದ ಒಂದೇ ಅಂಕಿಗೆ ಹೋಲಿಸುವುದರಲ್ಲಿ ಏನು ಅರ್ಥ?

ಅಳೆಯುವುದು ಅಂಥ ಅಸಾಧ್ಯದ ಕೆಲಸವಲ್ಲ. ಮಣ್ಣಿನಲ್ಲಿ ಒಂದು ಚೌಕಟ್ಟು ಊರಿ, ಮೇಲೊಂದು ಮುಚ್ಚಿದ ಪೆಟ್ಟಿಗೆ ಇಟ್ಟು, ಕಾಲು ಗಂಟೆಗೊಮ್ಮೆ ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆದು ಶೀಶೆಗೆ ತುಂಬುತ್ತಾರೆ. ಗ್ಯಾಸ್ ಕ್ರೊಮಾಟೊಗ್ರಾಫ್ ಇರುವ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಗಂಟೆಗೆ ಎಷ್ಟು ಅನಿಲ ಹೊರಡುತ್ತದೆಂದು ಗೊತ್ತಾಗುತ್ತದೆ. ಕಷ್ಟವಿರುವುದು ಉಪಕರಣದಲ್ಲಲ್ಲ, ದಿನ ಆರಿಸುವುದರಲ್ಲಿ. ವರ್ಷದ ಅನಿಲದ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಹೊರಟುಬಿಡಬಹುದು. ಒಣಗಿದ ಮಣ್ಣಿಗೆ ಭರಣಿ, ಕೃತ್ತಿಕೆಯ ಮೊದಲ ಮಳೆ ಬಿದ್ದಾಗ, ಗೊಬ್ಬರ ಹಾಕಿದ ಮರುವಾರ, ಆಶ್ಲೇಷದ ಜಡಿಮಳೆ ಬಿಟ್ಟು ಹೊಳವಾದಾಗ, ಎರಡನೇ ಕಂತಿನ ಗೊಬ್ಬರದ ಹೊತ್ತಿಗೆ. ತಿಂಗಳಿಗೊಮ್ಮೆ ಬಂದು ಹೋಗುವವರಿಗೆ ಈ ದಿನಗಳು ಸಿಗುವುದಿಲ್ಲ. ತೋಟದಲ್ಲೇ ಇರುವವರು ಮಾತ್ರ ಹಿಡಿಯಬಲ್ಲರು. ಶೃಂಗೇರಿಯ ಅಡಿಕೆ ಕೇಂದ್ರ, ಬಾಳೆಹೊನ್ನೂರಿನ ಕಾಫಿ ಸಂಸ್ಥೆ, ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯ ಇವು ಮೂರೂ ಒಂದು ದಿನದ ಓಡಾಟದೊಳಗಿವೆ. ಮೂರು ತಾಲ್ಲೂಕಿನಲ್ಲಿ ತಲಾ ಒಂದು ಬೈಲು, ಪ್ರತಿ ಬೈಲಿನಲ್ಲೂ ಉಳಿದ ಗದ್ದೆಗೊಂದು, ಒಂದೂವರೆ ಅಡಿ ಕಾಲುವೆಯ ತೋಟಕ್ಕೊಂದು, ಮೂರಡಿ ಕಾಲುವೆಯ ತೋಟಕ್ಕೊಂದು ಪೆಟ್ಟಿಗೆ. ಇಷ್ಟಾದರೆ ಸಾಕು, ಬೆಳೆಗಾರನಿಗೂ ಉಪಯೋಗವಿದೆ. ಅನಿಲವಾಗಿ, ನೈಟ್ರೇಟಾಗಿ ಹೋಗುವುದು ಅವನು ದುಡ್ಡು ಕೊಟ್ಟು ತಂದ ಗೊಬ್ಬರವೇ. ಬೇವು ಲೇಪಿತ ಯೂರಿಯಾ 2015ರಿಂದ ಕಡ್ಡಾಯವಾದ್ದರಿಂದ ಸೋರಿಕೆ ಒಂದಿಷ್ಟು ನಿಧಾನವಾಗಿರಬೇಕು. ಕಂತು ಹೆಚ್ಚಿಸಿ ಸ್ವಲ್ಪ ಸ್ವಲ್ಪವಾಗಿ ಹಾಕುವುದು, ಬುಡಕ್ಕೆ ದರಗು ಹೊದಿಸುವುದು, ಬೇಸಿಗೆಯಲ್ಲಿ ಕಾಲುವೆಯ ಬಾಯಿಗೆ ಹಲಗೆ ಕೊಟ್ಟು ನೀರಿನ ಮಟ್ಟ ಹಿಡಿದಿಡುವುದು, ಇವುಗಳಲ್ಲಿ ಯಾವುದು ಎಷ್ಟು ಉಳಿಸುತ್ತದೆಂದು ಅಳತೆಯೇ ಹೇಳಬೇಕು.

ಕೊಪ್ಪದ ಆ ಮನೆಯ ಯಜಮಾನರಲ್ಲಿ, ಯಾರಾದರೂ ಮುಂದೆ ಬಂದರೆ ನಿಮ್ಮ ಅಂಚಿನ ಎರಡೂ ಬದಿಗೆ ಪೆಟ್ಟಿಗೆ ಇಡಲು ಬಿಡುತ್ತೀರಾ ಎಂದು ಹೊರಡುವ ಮುಂಚೆ ಕೇಳಿದ್ದೆ. ಅವರು ಸ್ವಲ್ಪ ಯೋಚಿಸಿದರು. "ಇಡ್ಲಿ ಮಾರಾಯ್ರೆ, ಅದಕ್ಕೆಂತ. ಕೊನೆ ಕೊಯ್ಲಿನ ಹೊತ್ತಿಗೆ ಕೊನೆಗಾರರ ಕಾಲಿಗೆ ಸಿಗದ ಹಾಗೆ ಇಟ್ರೆ ಆಯ್ತು. ಗೊಬ್ಬರ ಹಾಕೋ ದಿನ ನಾನೇ ಫೋನ್ ಮಾಡಿ ಹೇಳ್ತೇನೆ, ಹಿಂದಿನ ದಿನವೇ ಬಂದುಬಿಡ್ಲಿ."